ಮೊದಲ ಸಾಲಿನ ಬೆಲೆ

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಹೋಗಿಬಂದವರಿಗೆಲ್ಲ ಒಂದು ಮಾತು ಗೊತ್ತು. ಜನ ಒಳಗೆ ಬರುವ ದಾರಿಯ ಬಾಯಿಗೇ ಇರುವ ಅಂಗಡಿಗೂ ಮೂಲೆಗೆ ಬಿದ್ದ ಅಂಗಡಿಗೂ ವ್ಯಾಪಾರದಲ್ಲಿ ಅಜಗಜಾಂತರ. ಸರಕು ಎರಡರಲ್ಲೂ ಒಂದೇ ಇರಬಹುದು. ಈಗ ಅಂಥದೇ ಜಾತ್ರೆ ಮೊಬೈಲ್ ಫೋನಿನೊಳಗೂ ನೆರೆದಿದೆ. ಪುಣೆಯಲ್ಲಿ ಕುಳಿತವರು ಗೂಗಲ್‌ನಲ್ಲಿ ‘ಸೋಲಾಪುರಿ ಶೇಂಗಾ ಚಟ್ನಿ’ ಎಂದು ಬರೆದು ಹುಡುಕುತ್ತಾರೆ. ಮೊದಲಿಗೆ ಕಂಡ ಹೆಸರನ್ನು ಒತ್ತಿಬಿಡುತ್ತಾರೆ. ಇಪ್ಪತ್ತನೆಯ ಹೆಸರಿನವರೆಗೆ ಬೆರಳು ಸರಿಸುವ ತಾಳ್ಮೆ ಯಾರಿಗಿದೆ? ಹೀಗಾಗಿ ಆ ಮೊದಲ ಸಾಲಿಗೆ ಬೆಲೆ ಬಂದಿದೆ. ಬೆಲೆ ಬಂದಲ್ಲಿ ದಲಾಲರೂ ಬಂದಿದ್ದಾರೆ.

ನಾನು ಓದಿದ್ದು ಮೆಟ್ರಿಕ್. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಈಗ ಅಕ್ಕಲಕೋಟ ತಾಲೂಕಿನ ನಮ್ಮೂರಿನ ಹೆಣ್ಣುಮಕ್ಕಳ ಒಂದು ಬಚತ್ ಗಟದ ಲೆಕ್ಕ ಬರೆದುಕೊಡುತ್ತೇನೆ. ಅವರು ಶೇಂಗಾ ಚಟ್ನಿ, ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಒಬ್ಬಾಕೆಯ ಮಗ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟ. ಅದನ್ನು ನೋಡಿ ಶಹರದಿಂದ ಒಬ್ಬ ಏಜಂಟ ಬಂದ. “ಆರು ತಿಂಗಳಿಗೆ 30,000 ರೂಪಾಯಿ ಕೊಡಿ. ಗೂಗಲ್‌ನಲ್ಲಿ ನಿಮ್ಮನ್ನು ಒಂದನೇ ನಂಬರಿಗೆ ತರುತ್ತೇನೆ, ಗ್ಯಾರಂಟಿ” ಎಂದ. ಮೂವತ್ತು ಸಾವಿರವೆಂದರೆ ಆ ಗಟಕ್ಕೆ ಇಡೀ ಹಂಗಾಮಿನ ಶೇಂಗಾ ಖರೀದಿಯ ರೊಕ್ಕ. “ಕಾಕಾ, ಕೊಡೋಣೇನು?” ಎಂದು ಕೇಳಿದರು. ಆ ಪ್ರಶ್ನೆಯ ಸಲುವಾಗಿ ನಾನು ಓದಿ ಕೇಳಿ ತಿಳಿದದ್ದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಗೂಗಲ್‌ನ ಪುಟದಲ್ಲಿ ಸಾಲುಗಳು ಎರಡು ಜಾತಿಯವು. ಒಂದು, ಹಣ ಕೊಟ್ಟು ಪಡೆದದ್ದು. ಅದರ ಮೇಲೆ ‘ಸ್ಪಾನ್ಸರ್ಡ್’ ಅಥವಾ ‘ಪ್ರಾಯೋಜಿತ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಇನ್ನೊಂದು, ಹಣ ಕೊಡದೆ ಗಳಿಸಿದ್ದು. ಜಾಹೀರಾತಿಗೆ ಲಕ್ಷ ಸುರಿದರೂ ಆ ಎರಡನೆಯ ಸಾಲಿನಲ್ಲಿ ಒಂದು ಮೆಟ್ಟಿಲೂ ಮೇಲೆ ಏರಿಸುವುದಿಲ್ಲ ಎಂದು ಗೂಗಲ್ ಕಂಪನಿಯೇ ಹೇಳುತ್ತದೆ. ಒಂದನೇ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾರರು ಎಂಬುದನ್ನೂ ಅದು ತನ್ನ ಸೂಚನೆಗಳಲ್ಲಿ ಬರೆದಿಟ್ಟಿದೆ. ಏಜಂಟನ ಗ್ಯಾರಂಟಿಗೆ ಅಲ್ಲಿಯೇ ಅರ್ಧ ಉತ್ತರ ಸಿಕ್ಕಿತು.

ಹಣ ಕೊಡದ ಸಾಲಿನಲ್ಲಿ ಯಾರು ಮೊದಲು, ಯಾರು ನಂತರ ಎಂದು ಹೇಗೆ ಗೊತ್ತುಮಾಡುತ್ತಾರೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಎಂಬಿಬ್ಬರು 1998ರಲ್ಲಿ ಗೂಗಲ್ ಕಂಪನಿ ಕಟ್ಟಿದರು. ಅವರ ಮೂಲ ಯುಕ್ತಿ ಬ್ಯಾಂಕಿನವರಿಗೆ ಚೆನ್ನಾಗಿ ತಿಳಿಯುವಂಥದು. ಮೊದಲು ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರನೊಬ್ಬನ ಪರಿಚಯದ ಸಹಿ ಬೇಕಾಗುತ್ತಿತ್ತು. ಸಹಿ ಮಾಡಿದವನು ಊರಿನ ಹೆಡ್‌ಮಾಸ್ತರನಾದರೆ ಒಂದು ತೂಕ, ನಿನ್ನೆ ಮೊನ್ನೆ ಖಾತೆ ತೆರೆದವನಾದರೆ ಇನ್ನೊಂದು ತೂಕ. ಹಾಗೆಯೇ ಒಂದು ವೆಬ್‌ಸೈಟಿನಿಂದ ಇನ್ನೊಂದು ವೆಬ್‌ಸೈಟಿಗೆ ‘ಇಲ್ಲಿ ನೋಡಿ’ ಎಂದು ಕೊಂಡಿ ಹಾಕಿದರೆ ಅದು ಪರಿಚಯದ ಸಹಿ ಇದ್ದಂತೆ. ಯಾರಿಗೆ ತೂಕದವರ ಸಹಿ ಹೆಚ್ಚು ಸಿಕ್ಕಿದೆಯೋ ಅವರು ಮೇಲೆ. ಇಂದು ಇದರ ಜೊತೆಗೆ ನೂರಾರು ಸಂಗತಿ ನೋಡುತ್ತಾರೆ. ಕೇಳಿದ ಪ್ರಶ್ನೆಗೆ ಪುಟದಲ್ಲಿ ಉತ್ತರವಿದೆಯೇ, ಫೋನಿನಲ್ಲಿ ಪುಟ ಬೇಗ ತೆರೆಯುತ್ತದೆಯೇ, ಹುಡುಕುವವನು ಯಾವ ಊರಿನಲ್ಲಿದ್ದಾನೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಪುಟವನ್ನು ಇದಕ್ಕೆ ತಕ್ಕಂತೆ ಸಜ್ಜುಗೊಳಿಸುವ ಕೆಲಸಕ್ಕೇ ‘ಎಸ್‌ಇಓ’ ಎಂಬ ಮೂರಕ್ಷರದ ಹೆಸರು.

ಪರಿಚಯದ ಸಹಿಯಲ್ಲಿ ಕಳ್ಳ ಸಹಿ ಬಂದಂತೆ ಕೊಂಡಿಗಳಲ್ಲೂ ಕೊಂಡು ತಂದ ಕೊಂಡಿಗಳು ಬಂದವು. 2011ರಲ್ಲಿ ಜೆ.ಸಿ. ಪೆನ್ನಿ ಎಂಬ ಅಮೆರಿಕದ ದೊಡ್ಡ ಅಂಗಡಿಯ ಹೆಸರು ಏನು ಹುಡುಕಿದರೂ ಮೇಲೆ ಬರುತ್ತಿತ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದಕ್ಕೆ ಕೊಂಡಿ ಹಾಕಿಸಿದ್ದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಗೂಗಲ್ ಅದನ್ನು ಕೆಳಗೆ ತಳ್ಳಿತು. ಅದಕ್ಕೂ ಮೊದಲು, 2006ರಲ್ಲಿ, ಯಂತ್ರಕ್ಕೆ ಒಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸಿದ ತಪ್ಪಿಗೆ ಬಿಎಂಡಬ್ಲ್ಯು ಕಾರಿನ ಜರ್ಮನ್ ವೆಬ್‌ಸೈಟನ್ನೇ ಪಟ್ಟಿಯಿಂದ ತೆಗೆದುಹಾಕಿದ್ದರು. ಅಂಥ ದೊಡ್ಡವರು ಸರಿಪಡಿಸಿಕೊಂಡು ಮತ್ತೆ ಒಳಗೆ ಬಂದರು. ನಮ್ಮ ಗಟದ ವೆಬ್‌ಸೈಟ್ ಹಾಗೆ ಬಿದ್ದರೆ ಎತ್ತುವವರು ಯಾರು? ಅಗ್ಗದ ಏಜಂಟರು ಮಾಡುವುದು ಹೆಚ್ಚಾಗಿ ಈ ಕೊಂಡಿ ಮಾರುವ ಕೆಲಸವನ್ನೇ. ಹಾಗಾದರೆ ಗೂಗಲ್ ಕಂಪನಿಯೇ ಧರ್ಮರಾಯನೋ ಎಂದರೆ, ಅದೂ ಅಲ್ಲ. ಹುಡುಕಾಟದಲ್ಲಿ ಪಕ್ಷಪಾತ ಮಾಡಿತೆಂದು ನಮ್ಮ ದೇಶದ ಸ್ಪರ್ಧಾ ಆಯೋಗ 2018ರಲ್ಲಿ ಅದಕ್ಕೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು.

ಇನ್ನು ಪುಟದ ಮಾತಿಗೆ ಬರೋಣ. ಇಲ್ಲಿ ಗಡಿನಾಡಿನವರಾದ ನಮಗೆ ಒಂದು ಅನುಕೂಲವಿದೆ. ಶಹರದ ಏಜಂಟನಿಗೆ ಅದು ಹೊಳೆಯುವುದಿಲ್ಲ. ನಾವು ಎರಡು ಮೂರು ಭಾಷೆಗಳಲ್ಲಿ ವ್ಯವಹಾರ ಮಾಡುವವರು. ಗಿರಾಕಿ ಯಾವ ಮಾತಿನಲ್ಲಿ ಕೇಳುತ್ತಾನೆ ಎಂಬುದು ನಮಗೆ ಗೊತ್ತು. ವಿಜಯಪುರ, ಕಲಬುರ್ಗಿಯವರು ‘ಶೇಂಗಾ ಚಟ್ನಿ’ ಎನ್ನುತ್ತಾರೆ. ಪುಣೆಯವರು ‘ಶೇಂಗದಾಣಾ ಚಟಣಿ’ ಎಂದು ಮರಾಠಿಯಲ್ಲಿ ಬರೆಯುತ್ತಾರೆ. ಬೆಂಗಳೂರು, ಮೈಸೂರಿನವರಿಗೆ ಅದು ‘ಕಡಲೇಕಾಯಿ ಚಟ್ನಿ ಪುಡಿ’. ನಮ್ಮ ರೊಟ್ಟಿ ಮರಾಠಿಯವರಿಗೆ ‘ಕಡಕ್ ಭಾಕರಿ’, ಬೆಂಗಳೂರಿನ ಅಂಗಡಿಯಲ್ಲಿ ‘ಜೋಳದ ರೊಟ್ಟಿ’. ಇದಲ್ಲದೆ ಕನ್ನಡದವರೂ ಮರಾಠಿಯವರೂ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ತಮ್ಮ ಮಾತು ಬರೆಯುವವರು. ಒಬ್ಬರು ‘ಚಟ್ನಿ’ ಎಂದರೆ ಇನ್ನೊಬ್ಬರು ‘ಚಟಣಿ’.

ಗಟದ ವೆಬ್‌ಸೈಟಿನಲ್ಲಿ ಆಗ ಇದ್ದದ್ದೇನು? ಮೇಲೆ ಇಂಗ್ಲಿಷಿನಲ್ಲಿ ‘ಸ್ವಾಗತ’. ಕೆಳಗೆ ಒಂದು ಬಣ್ಣದ ಚಿತ್ರ. ಬೆಲೆ, ವಿಳಾಸ, ಪದಾರ್ಥದ ಹೆಸರು ಎಲ್ಲವೂ ಆ ಚಿತ್ರದೊಳಗೆ ಅಚ್ಚಾಗಿದ್ದವು. ಮನುಷ್ಯ ಅದನ್ನು ಓದುತ್ತಾನೆ. ಯಂತ್ರ ಮುಖ್ಯವಾಗಿ ನೋಡುವುದು ಬರೆದ ಅಕ್ಷರವನ್ನು. ಹುಡುಗನಿಗೆ ಹೇಳಿ ಚಟ್ನಿಗೆ ಒಂದು ಪುಟ, ರೊಟ್ಟಿಗೆ ಒಂದು ಪುಟ ಮಾಡಿಸಿದೆವು. ಪ್ರತಿ ಪುಟದ ತಲೆಗೆ ಪದಾರ್ಥದ ಹೆಸರು ಬಂತು. ಕೆಳಗೆ ತೂಕ, ಬೆಲೆ, ಎಷ್ಟು ದಿನ ಕೆಡದೆ ಇರುತ್ತದೆ, ಪಾರ್ಸಲ್ ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಅಕ್ಷರದಲ್ಲಿ ಬಂತು. ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಇಂಗ್ಲಿಷಿನಲ್ಲೊಂದು ಪುಟ ಬೇರೆ ಬೇರೆ ಮಾಡಿದೆವು. ಒಂದೇ ಪುಟದಲ್ಲಿ ಹತ್ತು ಹೆಸರನ್ನು ನೂರು ಸಲ ತುರುಕುವವರೂ ಇದ್ದಾರೆ. ಅದೂ ಕಳ್ಳ ಸಹಿಯ ಜಾತಿಯೇ, ಉಪಯೋಗಕ್ಕೆ ಬರುವುದಿಲ್ಲ.

ಗೂಗಲ್ ನಕಾಶೆಯಲ್ಲಿ ಅಂಗಡಿಯ ಹೆಸರು, ವಿಳಾಸ, ತೆರೆಯುವ ವೇಳೆ, ಫೋಟೋ ಹಾಕಲು ಕಾಸು ಬೇಡ. ‘ಬಿಸಿನೆಸ್ ಪ್ರೊಫೈಲ್’ ಎನ್ನುತ್ತಾರೆ ಅದಕ್ಕೆ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಭಕ್ತರು ‘ಇಲ್ಲಿ ಚಟ್ನಿ ಎಲ್ಲಿ ಸಿಗುತ್ತದೆ’ ಎಂದು ಹುಡುಕಿದರೆ ಉತ್ತರ ಬರುವುದು ಹೆಚ್ಚಾಗಿ ಆ ನಕಾಶೆಯಿಂದಲೇ. ಇದನ್ನು ಮಾಡಿಕೊಡಲು ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಓದುವ ಹುಡುಗನೊಬ್ಬ ಮನೆಯಲ್ಲಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಈಗ ಹಣ ಕೊಡುವ ಸಾಲು. ಅದೂ ತಪ್ಪಲ್ಲ, ವ್ಯಾಪಾರವೇ. 1998ರಲ್ಲಿ ಅಮೆರಿಕದ ‘ಗೋಟು’ ಎಂಬ ಕಂಪನಿ ಹುಡುಕಾಟದ ಸಾಲುಗಳನ್ನು ಲಿಲಾವಿಗೆ ಇಟ್ಟಿತು. ಗೂಗಲ್ 2000ದ ಅಕ್ಟೋಬರಿನಲ್ಲಿ 350 ಜಾಹೀರಾತುದಾರರೊಂದಿಗೆ ‘ಆಡ್‌ವರ್ಡ್ಸ್’ ಆರಂಭಿಸಿತು. 2018ರಿಂದ ಅದರ ಹೆಸರು ‘ಗೂಗಲ್ ಆಡ್ಸ್’. ಜನ ಜಾಹೀರಾತನ್ನು ಬರೀ ನೋಡಿದರೆ ಕಾಸಿಲ್ಲ, ಒತ್ತಿದರೆ ಕಾಸು ಎಂಬುದು ಹುಡುಕಾಟದ ಜಾಹೀರಾತಿನ ಸಾಮಾನ್ಯ ಪದ್ಧತಿ. ಯಾರಾದರೂ ಹುಡುಕಿದ ಕ್ಷಣದಲ್ಲೇ ಲಿಲಾವು ನಡೆದು ಮುಗಿದಿರುತ್ತದೆ.

ಸೊಲ್ಲಾಪುರ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಲಿಲಾವಿಗೂ ಇದಕ್ಕೂ ಒಂದು ಫರಕು ಇದೆ. ಅಲ್ಲಿ ಹೆಚ್ಚು ಕೂಗಿದವನಿಗೆ ಮಾಲು. ಇಲ್ಲಿ ಕೂಗಿದ ದರವನ್ನು ಜಾಹೀರಾತಿನ ಗುಣದೊಂದಿಗೆ ಸೇರಿಸಿ ನೋಡುತ್ತಾರೆ. ಸರಳ ಮಾಡಿ ಹೇಳುವುದಾದರೆ, ಒಬ್ಬ 10 ರೂಪಾಯಿ ಕೂಗಿದ, ಅವನ ಗುಣಕ್ಕೆ 3 ಅಂಕ, ಗುಣಿಸಿದರೆ 30. ಇನ್ನೊಬ್ಬಳು 6 ರೂಪಾಯಿ ಕೂಗಿದಳು, ಗುಣಕ್ಕೆ 6 ಅಂಕ, 36 ಆಯಿತು. ಮೇಲಿನ ಸಾಲು ಅವಳಿಗೆ. ಅವಳು ಆರನ್ನೂ ಪೂರಾ ಕೊಡಬೇಕಿಲ್ಲ. ಕೆಳಗಿನವನ 30ನ್ನು ದಾಟಲು ಸಾಕಾಗುವಷ್ಟು, ಅಂದರೆ 5 ರೂಪಾಯಿಗಿಂತ ತುಸು ಹೆಚ್ಚು ಕೊಟ್ಟರಾಯಿತು. ನಿಜವಾದ ಲೆಕ್ಕದಲ್ಲಿ ಇನ್ನೂ ಹಲವು ಎಳೆಗಳಿವೆ, ಆದರೆ ತತ್ವ ಇದೇ. ಕೇಳಿದ್ದಕ್ಕೂ ಜಾಹೀರಾತಿಗೂ ತೆರೆದ ಪುಟಕ್ಕೂ ತಾಳೆಯಾದರೆ ಗುಣದ ಅಂಕ ಏರುತ್ತದೆ.

ಏಜಂಟರು ತೋರಿಸುವ ಕಾಗದದಲ್ಲಿ ‘ಇಷ್ಟು ಜನ ಬಂದರು’ ಎಂದಿರುತ್ತದೆ. ಬಂದವರನ್ನು ಎಣಿಸಿದರೆ ಬಚತ್ ಗಟದ ಹೊಟ್ಟೆ ತುಂಬುವುದಿಲ್ಲ. ಜಮಾ ಖರ್ಚು ಬರೆದು ನೋಡೋಣ. ಉದಾಹರಣೆಗೆ, ಒಂದು ಒತ್ತಿಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. 100 ಜನ ಒತ್ತಿದರೆ 600. ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 108. ಒಟ್ಟು ಖರ್ಚು 708. ಆ ನೂರರಲ್ಲಿ ಮೂವರು ಒಂದೊಂದು ಪ್ಯಾಕೆಟ್ ತೆಗೆದುಕೊಂಡರು. ಶೇಂಗಾ, ಖಾರ, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಪ್ಯಾಕೆಟ್ಟಿಗೆ 70 ರೂಪಾಯಿ ಉಳಿಯಿತು. ಜಮಾ 210. ಖೋತಾ 498 ರೂಪಾಯಿ. ಕಾಗದದ ಮೇಲೆ ಮಾತ್ರ ನೂರು ಜನರ ಜಾತ್ರೆ. ಅದೇ ಮೂವರು ವರ್ಷದಲ್ಲಿ ನಾಲ್ಕು ನಾಲ್ಕು ಸಲ ತರಿಸಿದರೆ ಹನ್ನೆರಡು ಪ್ಯಾಕೆಟ್, 840 ರೂಪಾಯಿ. ಆಗ 132 ಉಳಿಯುತ್ತದೆ. ಎಂದರೆ ಜಾಹೀರಾತು ಕರೆತರುವುದು ಒಂದೇ ಸಲ. ಎರಡನೆಯ ಸಲ ಕರೆತರುವುದು ಚಟ್ನಿಯ ರುಚಿ, ಮತ್ತು ಗಿರಾಕಿಗಳ ಹೆಸರು ಬರೆದಿಟ್ಟ ಒಂದು ನೋಟುಬುಕ್ಕು.

ಖರ್ಚು ಸೋರುವ ತೂತುಗಳೂ ಇವೆ. ‘ಶೇಂಗಾ ಚಟ್ನಿ ಮಾಡುವ ವಿಧಾನ’ ಎಂದು ಹುಡುಕುವಾಕೆ ಮನೆಯಲ್ಲೇ ಕುಟ್ಟಿಕೊಳ್ಳುವವಳು, ಕೊಳ್ಳುವವಳಲ್ಲ. ಅವಳು ಒತ್ತಿದರೂ ನಮಗೆ ಆರು ರೂಪಾಯಿ ಖರ್ಚು. ‘ವಿಧಾನ’, ‘ರೆಸಿಪಿ’ ಇಂಥ ಮಾತಿದ್ದರೆ ಜಾಹೀರಾತು ತೋರಿಸಬೇಡಿ ಎಂದು ಮೊದಲೇ ಬರೆದಿಡುವ ಸೌಲಭ್ಯವಿದೆ. ಪಾರ್ಸಲ್ ಕಳಿಸಲಾಗದ ಊರುಗಳನ್ನೂ ಬಿಡಿಸಬಹುದು. ದಿನದ ಖರ್ಚಿಗೆ ಮಿತಿ ಹಾಕಿದರೂ ಕೆಲವು ದಿನ ಅದರ ಎರಡು ಪಟ್ಟಿನವರೆಗೆ ಖರ್ಚಾಗಬಹುದು; ತಿಂಗಳ ಒಟ್ಟು ಮಾತ್ರ ದಿನದ ಮಿತಿಯ 30.4 ಪಟ್ಟು ಮೀರುವುದಿಲ್ಲ. ಇದು ಗೊತ್ತಿಲ್ಲದೆ ಒಂದೇ ದಿನದ ಬಿಲ್ಲು ನೋಡಿ ಗಾಬರಿಯಾಗುವವರುಂಟು. ಇನ್ನೊಂದು ಮಾತು: ಏಜಂಟನಿಗೆ ಕೆಲಸ ಕೊಟ್ಟರೂ ವೆಬ್‌ಸೈಟಿನ ಹೆಸರು, ಜಾಹೀರಾತಿನ ಖಾತೆ ಗಟದ ಹೆಸರಿನಲ್ಲೇ ಇರಬೇಕು. ಪಾಸ್‌ಬುಕ್ ಮತ್ತೊಬ್ಬರ ಪೆಟ್ಟಿಗೆಯಲ್ಲಿಟ್ಟು ಉಳಿತಾಯ ಮಾಡಿದವರ ಗತಿ ನಾನು ಕೌಂಟರಿನಾಚೆಯಿಂದ ಬಹಳ ನೋಡಿದ್ದೇನೆ.

ಗಟದವರು ಏಜಂಟನಿಗೆ ಮೂವತ್ತು ಸಾವಿರ ಕೊಡಲಿಲ್ಲ. ಸಂಕ್ರಾಂತಿಗೆ ಮುಂಚಿನ ಹದಿನೈದು ದಿನ ಮಾತ್ರ, ಪುಣೆಯೊಂದಕ್ಕೇ, ದಿನಕ್ಕೆ 100 ರೂಪಾಯಿಯ ಜಾಹೀರಾತು ಕೊಟ್ಟು ನೋಡಿದರು. ಲಾಭವೂ ಇಲ್ಲ, ಲುಕ್ಸಾನೂ ಇಲ್ಲ ಎಂಬಂತೆ ಲೆಕ್ಕ ಸಮವಾಯಿತು. ಆದರೆ ನೋಟುಬುಕ್ಕಿನಲ್ಲಿ ಹೊಸ ಹೆಸರುಗಳು ಬಿದ್ದವು. ಈಚೆಗೆ ಇನ್ನೊಂದು ಬದಲಾವಣೆ ಬಂದಿದೆ. 2024ರ ಆಗಸ್ಟಿನಿಂದ ನಮ್ಮ ದೇಶದಲ್ಲೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಯಂತ್ರವೇ ಬರೆದ ಉತ್ತರವನ್ನು ಸಾಲುಗಳಿಗಿಂತ ಮೇಲೆ ತೋರಿಸುತ್ತಿದೆ. ಓದುವವನು ಅಲ್ಲಿಯೇ ತೃಪ್ತನಾಗಿ ಕೆಳಗೆ ಇಳಿಯದೆ ಹೋಗಬಹುದು. ವಿಧಾನ ಹೇಳುವ ಪುಟಗಳಿಗೆ ಇದರ ಪೆಟ್ಟು. ಚಟ್ನಿ ಬೇಕಾದವನಿಗೆ ಮಾತ್ರ ಉತ್ತರದಿಂದ ಹೊಟ್ಟೆ ತುಂಬದು.

ಇಷ್ಟು ಮಾರುವವರ ಮಾತಾಯಿತು. ಕೊಳ್ಳುವವರಾಗಿ, ಹುಡುಕುವವರಾಗಿ ನಾವೆಲ್ಲ ಇದ್ದೇವೆ. ಅವರಿಗೂ ಒಂದು ಮಾತು ಹೇಳಲೇಬೇಕು. ಮೇಲಿನ ಸಾಲು ದುಡ್ಡಿಗೆ ಸಿಗುತ್ತದೆಂದರೆ ಕಳ್ಳನ ದುಡ್ಡಿಗೂ ಸಿಗುತ್ತದೆ. ಎಟಿಎಂನಲ್ಲಿ ಹಣ ಬರಲಿಲ್ಲ, ಗ್ಯಾಸ್ ಸಿಲಿಂಡರ್ ಬರಲಿಲ್ಲ ಎಂದು ಜನ ‘ಕಸ್ಟಮರ್ ಕೇರ್ ನಂಬರ್’ ಹುಡುಕುತ್ತಾರೆ. ವಂಚಕರು ಬ್ಯಾಂಕಿನ ಹೆಸರಿನಲ್ಲಿ ತಮ್ಮ ನಂಬರು ಹಾಕಿ, ಮೇಲೆ ಕಾಣುವಂತೆ ಮಾಡಿರುತ್ತಾರೆ. ಫೋನ್ ಎತ್ತಿದವನು ಸವಿಯಾಗಿ, ನಮ್ಮದೇ ಭಾಷೆಯಲ್ಲಿ ಮಾತನಾಡಿ ಓಟಿಪಿ ಕೇಳುತ್ತಾನೆ, ಇಲ್ಲವೆ ಫೋನಿಗೊಂದು ಆಪ್ ಹಾಕಿಸುತ್ತಾನೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರತಂದ ವಂಚನೆಗಳ ಪುಸ್ತಿಕೆಯಲ್ಲಿ ಈ ಬಗೆಯನ್ನು ಬೇರೆಯಾಗಿಯೇ ಬರೆದಿದೆ. ಬ್ಯಾಂಕಿನ ನಂಬರು ಎಟಿಎಂ ಕಾರ್ಡಿನ ಬೆನ್ನ ಮೇಲೆ ಇರುತ್ತದೆ; ಗ್ಯಾಸಿನದು ಬುಕ್ಕಿನ ಮೇಲೆ ಇರುತ್ತದೆ. ಹುಡುಕುವ ಅಗತ್ಯವೇ ಇಲ್ಲ. ಒಂದು ವೇಳೆ ಹಣ ಹೋದರೆ 1930ಕ್ಕೆ ಫೋನು ಮಾಡಿ. ಮಹಾರಾಷ್ಟ್ರ, ಕರ್ನಾಟಕ ಎಂಬ ಭೇದವಿಲ್ಲದೆ ದೇಶಕ್ಕೆಲ್ಲ ಅದೊಂದೇ ನಂಬರು. ಮಕ್ಕಳು ಸಾಯಂಕಾಲ ಮನೆಗೆ ಬರಲಿ, ಆಮೇಲೆ ನೋಡೋಣ ಎನ್ನಬಾರದು. ಹಣ ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ದಾಟುವುದರೊಳಗೆ ತಡೆಯಬೇಕಾದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.