ಎರೆಮಣ್ಣು ದಾಟಿದರೆ ಮಳೆನೀರು



ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲೇ ಇರಲಿ, ಹರಿಹರದಲ್ಲೇ ಇರಲಿ, ಜೋರು ಮಳೆ ಹೊಯ್ಯುವಾಗ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ. ತಾರಸಿಯ ಪೈಪಿನಿಂದ ಧೋ ಎಂದು ಬಿದ್ದ ನೀರು ರಸ್ತೆಗಿಳಿದು ಚರಂಡಿ ಸೇರುತ್ತದೆ. ನೀರಿಗಾಗಿ ನಾವು ನೋಡುವುದು ಮಾತ್ರ ತುಂಗಭದ್ರೆಯನ್ನು, ಭದ್ರಾ ಕಾಲುವೆಯನ್ನು. ಅದೂ ಸಾಲದಾದರೆ ಬೋರನ್ನು.

ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮೂವತ್ತು-ನಲವತ್ತರ ಸೈಟಿನ ಮನೆಯ ತಾರಸಿ 90 ಚದರ ಮೀಟರ್ ಎಂದುಕೊಳ್ಳಿ: 54,000 ಲೀಟರ್ ಆಯಿತು. ಆವಿ, ಸೋರಿಕೆ ಎಂದು ಐದರಲ್ಲೊಂದು ಪಾಲು ಬಿಟ್ಟರೂ 43,000 ಉಳಿಯಿತು. ನಾಲ್ವರ ಮನೆಗೆ ದಿನಕ್ಕೆ 500 ಲೀಟರ್ ಬೇಕೆಂದರೆ, ಎಂಬತ್ತಾರು ದಿನದ ನೀರು!

ಬೆಂಗಳೂರಿನಲ್ಲಿ 2009ರಲ್ಲೇ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯವಾಯಿತು. ಕಾನೂನಿಗೂ ಮೊದಲೇ ಅಲ್ಲಿನ ವಿಜ್ಞಾನಿ ಎ.ಆರ್. ಶಿವಕುಮಾರ್ ಮಳೆನೀರನ್ನೇ ನಂಬಿ ಸಂಸಾರ ನಡೆಸಿ ತೋರಿಸಿದ್ದರು.

ಮಳೆನೀರನ್ನು ನೆಲಕ್ಕೆ ಇಂಗಿಸಲು ನಮ್ಮ ಕಡೆ ಒಂದು ತೊಡಕಿದೆ. ಹತ್ತಿ ಬೆಳೆದು ಊರಿಗೆ ಹೆಸರು ತಂದ ಎರೆಮಣ್ಣು ನೀರು ಕುಡಿದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಥ ಕಡೆ ಮೂರಡಿ ಗುಂಡಿ ತೋಡಿದರೆ ನೀರು ನಿಂತು ಸೊಳ್ಳೆ ಸಾಕಿದಂತೆ, ಅಷ್ಟೆ. ಗುಂಡಿ ಎರೆಮಣ್ಣನ್ನು ದಾಟಿ ಕೆಳಗಿನ ಮೊರಂ ಮುಟ್ಟಬೇಕು. ಮೊರಮ್ಮಿನಿಂದ ಕಲ್ಲಿನ ಬಿರುಕಿಗೆ, ಬಿರುಕಿನಿಂದ ಬೋರಿಗೆ. ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ನೀರಿನ ದಾರಿ ಅದು.

ಬೋರಿಗೇ ನೇರವಾಗಿ ಇಂಗಿಸುವ ಕ್ರಮವೂ ಉಂಟು. ಪಕ್ಕದ ಚಿತ್ರದುರ್ಗದ ಭೂವಿಜ್ಞಾನಿ ದೇವರಾಜ ರೆಡ್ಡಿ ಅದನ್ನು ಊರೂರಿಗೆ ಹಬ್ಬಿಸಿದವರು. ಬೋರಿನ ಕೇಸಿಂಗ್ ಪೈಪಿನ ಸುತ್ತ ಸುಮಾರು ಹತ್ತಡಿ ಆಳದ ಗುಂಡಿ ತೋಡಿ, ಕೇಸಿಂಗಿನ ಕೆಳಭಾಗಕ್ಕೆ ತೂತು ಕೊರೆದು ಜಾಲರಿ ಸುತ್ತುತ್ತಾರೆ. ಗುಂಡಿಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಸೋಸದ ನೀರನ್ನು, ಬಚ್ಚಲು ನೀರನ್ನು ಮಾತ್ರ ಇಲ್ಲಿಗೆ ಬಿಡಲೇಬೇಡಿ. ಒಮ್ಮೆ ಕೆಟ್ಟ ಬೋರು ಇಡೀ ಬೀದಿಯ ನೀರನ್ನು ಕೆಡಿಸೀತು.

ಭರಣಿ ಮಳೆಗೆ ಮುಂಚೆ ತಾರಸಿ ಗುಡಿಸಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟುಬಿಡಿ. ಎರಡನೆಯದರಿಂದ ಶುರುಮಾಡಿ.