ಒಡೆಯ ಊರಲ್ಲಿಲ್ಲದ ಹೊಲ
(ಬೈಕುಲ್ಲಾದಲ್ಲಿ ನಡೆದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂಬಯಿಯ ಕನ್ನಡಿಗರು ಸೇರಿದಲ್ಲಿ ಗಡಿ, ಶಾಲೆ, ರಂಗಭೂಮಿಗಳ ಮಾತು ಬರುವುದು ವಾಡಿಕೆ. ನಾನಿಂದು ಮಣ್ಣಿನ ಮಾತನ್ನಾಡಬಯಸುತ್ತೇನೆ. ಬೈಕುಲ್ಲಾದಲ್ಲಿ ಅದು ಅಪ್ರಸ್ತುತವಲ್ಲ. ಇಲ್ಲಿಯ ರಾಣಿಬಾಗನ್ನು 19ನೆಯ ಶತಮಾನದಲ್ಲಿ ಬೆಳೆಸಿದ್ದು ಪಶ್ಚಿಮ ಭಾರತದ ಕೃಷಿ-ತೋಟಗಾರಿಕಾ ಸಂಘ. 1956ರವರೆಗೆ ಬಿಜಾಪುರ, ಧಾರವಾಡ, ಬೆಳಗಾವಿಗಳ ರೈತನಿಗೂ ಮುಂಬಯಿಯೇ ರಾಜಧಾನಿಯಾಗಿತ್ತು.

ಆ ರೈತನಿಗೆ 1883ರ ಜಮೀನು ಸುಧಾರಣಾ ಸಾಲಗಳ ಕಾಯ್ದೆಯಡಿ ಬಾವಿಗೆ, ಒಡ್ಡಿಗೆ ತಗಾವಿ ದೊರೆಯುತ್ತಿತ್ತು. ಅದು ಒಬ್ಬ ರೈತ, ಒಂದು ಹೊಲದ ಲೆಕ್ಕ. ಆದರೆ ಮಳೆಯ ನೀರಿಗೆ ಸರ್ವೆ ನಂಬರು ತಿಳಿಯದು. ಮೇಲಿನ ಹೊಲಕ್ಕೆ ಬದುವಿಲ್ಲದಿದ್ದರೆ ಕೆಳಗಿನವನ ಬದು ಒಂದೇ ಅಡ್ಡಮಳೆಗೆ ಒಡೆಯುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರಗಳ ಒಣಬೇಸಾಯ ಕೇಂದ್ರಗಳು ಮಣ್ಣು-ನೀರುಗಳ ಈ ಸಂಬಂಧವನ್ನು ಅಭ್ಯಸಿಸಿದವು. 1942ರ ಮುಂಬಯಿ ಜಮೀನು ಸುಧಾರಣಾ ಯೋಜನೆಗಳ ಕಾಯ್ದೆಯು ಒಂದು ಪ್ರದೇಶಕ್ಕೆಲ್ಲ ಒಂದೇ ಯೋಜನೆಯೆಂಬ ನೀತಿಯನ್ನು ತಂದಿತು. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಯೋಜನೆಯೂ ಜಲಾನಯನವನ್ನೇ ಘಟಕವಾಗಿ ಹಿಡಿಯಿತು. ರೈತನೂ ವೆಚ್ಚದ ಪಾಲನ್ನು ಹೊತ್ತನು. 2014ರ ಕೃಷಿಭಾಗ್ಯ ಯೋಜನೆ ಹೊಲಹೊಲಕ್ಕೂ ಕೃಷಿಹೊಂಡದ ಸಹಾಯಧನ ತಂದಿತು.

ಹಾಗಾದರೆ ಕೊರತೆಯೆಲ್ಲಿ? ಕೊರತೆಯ ಒಂದು ಭಾಗ ನಾವೇ. ನಮ್ಮಲ್ಲನೇಕರಿಗೆ ಊರಿನಲ್ಲಿ ನಾಲ್ಕೆಕರೆ ಉಂಟು. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರುಂಟು. ಸಹಾಯಧನವಾದರೋ ಹೆಸರನ್ನು ಕೇಳುತ್ತದೆ, ಒಪ್ಪಿಗೆಯನ್ನು ಕೇಳುತ್ತದೆ. ಉಳುವವನು ಬಾಯಿಮಾತಿನ ಪಾಲುದಾರ. ಅವನ ಕೈಯಲ್ಲಿ ಕಾಗದವಿಲ್ಲ. ಒಡೆಯ ದಾದರಿನಲ್ಲೋ ಡೊಂಬಿವಲಿಯಲ್ಲೋ ಇದ್ದಾನೆ. ಇಳಿಜಾರಿನ ನಡುವೆ ಆ ಹೊಲ ಬದುವಿಲ್ಲದೆ ಉಳಿಯುತ್ತದೆ. ನಷ್ಟ ನಮಗಷ್ಟೇ ಅಲ್ಲ, ಕೆಳಗಿನ ನೆರೆಯವನಿಗೂ.

ಕಾಗದ ಬರೆದುಕೊಟ್ಟರೆ ಭೂಮಿ ಕೈತಪ್ಪೀತೆಂಬ ಅಂಜಿಕೆಯನ್ನು ನಾನು ಬಲ್ಲೆ. 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಅದು ನ್ಯಾಯವೇ ಆಗಿತ್ತು. ಆದರೆ ಗೇಣಿಯ ನಿಷೇಧದಿಂದ ಗೇಣಿ ಅಳಿಯಲಿಲ್ಲ, ಬರವಣಿಗೆ ಅಳಿಯಿತು. ನೀತಿ ಆಯೋಗ 2016ರಲ್ಲಿ ಮಾದರಿ ಗೇಣಿ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಒಡೆತನಕ್ಕೆ ಭಂಗ ಬಾರದಂತೆ, ಉಳುವವನಿಗೂ ಸಾಲ, ಸಹಾಯಧನ ದೊರೆಯುವಂತೆ, ಅವಧಿ ಗೊತ್ತುಪಡಿಸಿದ ಕರಾರಿಗೆ ಕಾನೂನಿನ ಆಸರೆ ಬೇಕು. ಹೊರನಾಡ ಸಂಘಗಳು ಬೆಂಗಳೂರಿಗೆ ಸಲ್ಲಿಸುವ ಮನವಿಗಳಲ್ಲಿ ಈ ಬೇಡಿಕೆಯೂ ಸೇರಲಿ.

ಕಾನೂನು ಬರುವವರೆಗೆ ಮಾಡಬಹುದಾದ ಕೆಲಸವುಂಟು. ಮುಂದಿನ ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋದಾಗ ಒಂದು ದಿನವನ್ನು ನಾಡಕಚೇರಿಗೂ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ಮೀಸಲಿಡಿ. ಪೌತಿ ಖಾತೆ ಮಾಡಿಸಿ, ಫ್ರೂಟ್ಸ್ ನೋಂದಣಿ ಮಾಡಿಸಿ. ಅಣ್ಣತಮ್ಮಂದಿರ ವ್ಯಾಜ್ಯವಿದ್ದರೂ ಬದುವಿನ ಮಟ್ಟಿಗೆ ಒಂದಾಗಿ ಒಪ್ಪಿಗೆ ಕೊಡಿ. ಉಳುವವನನ್ನು ಜೊತೆಗೆ ಕರೆದೊಯ್ಯಿರಿ. ನೀರು ಎಲ್ಲಿ ಹರಿಯುತ್ತದೆಂಬುದನ್ನು ನಮಗಿಂತ ಅವನೇ ಚೆನ್ನಾಗಿ ಬಲ್ಲ.

ಊರಿನ ಮೇಲಣ ಅಭಿಮಾನವನ್ನು ನಾವು ವೇದಿಕೆಯಲ್ಲಿ ಸಾರುತ್ತೇವೆ. ಊರಿನವರು ಅದನ್ನು ಅಳೆಯುವುದು ಮಳೆಗಾಲದಲ್ಲಿ, ನಮ್ಮ ಹೊಲದ ಕೆಳಗಿನ ಬದು ನಿಂತಿತೇ ಒಡೆಯಿತೇ ಎಂಬುದರಿಂದ.