ದೊಡ್ಡ ದೋಣಿ ಬೇಕು ಅಂದ ಅಣ್ಣ, ಎಷ್ಟು ದಿನಕ್ಕೆ ಅಂದ್ರು ಅತ್ತಿಗೆ

ಇವತ್ತಿನ ವಿಷಯ ಕೇಳಿ ನೀವು ನಗಬಹುದು. ದೊಡ್ಡ ಹಾಯಿ ಯಾಟ್ ತಗೋಬೇಕಾ, ಇಲ್ಲ ಗಾಡಿ ಹಿಂದೆ ಟ್ರೇಲರ್ ಮೇಲೆ ಎಳ್ಕೊಂಡು ಹೋಗುವ ಚಿಕ್ಕ ಮೋಟಾರ್ ಬೋಟ್ ತಗೋಬೇಕಾ? "ಇಲ್ಲಿ ಸ್ಕೂಟರ್ ಕಂತು ಕಟ್ಟೋದೇ ಕಷ್ಟ, ಇವನಿಗೆ ಯಾಟ್ ಚಿಂತೆ" ಅಂತ ಈಗಲೇ ಆಫ್ ಮಾಡ್ಬೇಡಿ. ಸ್ವಲ್ಪ ಕೇಳಿ.

ನನ್ನ ದೊಡ್ಡಪ್ಪನ ಮಗ, ನಮ್ಮಣ್ಣ, ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ವಯಸ್ಸು 46. ಊರು ಸಾಗರ. ಅಜ್ಜಿ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಚಿಕ್ಕವನಿದ್ದಾಗ ರಜೆ ಬಂದ್ರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹೋಗೋದು. ಈಗ ಅಲ್ಲಿ ಸೇತುವೆ ಆಗಿದೆ, 2025ರ ಜುಲೈನಲ್ಲಿ ಉದ್ಘಾಟನೆ ಆಯ್ತು. ಅಣ್ಣನ ತಲೇಲಿ ಮಾತ್ರ ಆ ಲಾಂಚ್ ಇನ್ನೂ ಓಡ್ತಾ ಇದೆ. "ದುಡ್ಡು ಅಂತ ಆದ್ರೆ ಒಂದು ದೋಣಿ ತಗೋತೀನಿ ಕಣೋ" ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದ್ದ. ಹೋದ ವರ್ಷ ಆಗಸ್ಟ್‌ನಲ್ಲಿ ನಾನು ಅಲ್ಲಿಗೆ ಹೋದಾಗ, "ನೀನು ಬಿಕಾಂ ಮಾಡಿದವನು, ಕೂತು ಲೆಕ್ಕ ಹಾಕು" ಅಂತ ಒಂದು ನೋಟ್‌ಬುಕ್ ಕೈಗೆ ಕೊಟ್ಟ.

ಮೊದಲನೆಯದು 38 ಅಡಿಯ ಹಾಯಿ ಯಾಟ್, ಸೆಕೆಂಡ್ ಹ್ಯಾಂಡ್, 1,10,000 ಡಾಲರ್. ಎರಡು ಮಲಗುವ ಕೋಣೆ, ಅಡುಗೆ ಒಲೆ, ಬಾಗಿಲು ಹಾಕಿಕೊಳ್ಳುವಂಥ ಟಾಯ್ಲೆಟ್, ಒಳಗೆ ತಲೆ ಎತ್ತಿ ಓಡಾಡಬಹುದು. ಎರಡನೆಯದು 23 ಅಡಿಯ ಮೋಟಾರ್ ಬೋಟ್, ಟ್ರೇಲರ್ ಸೇರಿ 75,000 ಡಾಲರ್. ಮುಂದೆ ಒಂದು ಪುಟ್ಟ ಕ್ಯಾಬಿನ್. ರೈಲಿನ ಮೇಲಿನ ಬರ್ತ್‌ನಲ್ಲಿ ಮಲಗಿದ ಹಾಗೆ ಮಲಗಬೇಕು.

ಖರೀದಿಗೆ ಮೊದಲು ಎರಡನ್ನೂ ಪರೀಕ್ಷೆ ಮಾಡಿದ್ವಿ. ಸಿಯಾಟಲ್‌ನಿಂದ ರಸ್ತೆಯಲ್ಲಿ ಒಂದೂವರೆ ಗಂಟೆ ಉತ್ತರಕ್ಕೆ ಹೋದ್ರೆ ಅನಕೋರ್ಟಿಸ್ ಅನ್ನೋ ಊರು. ಸಾನ್ ವಾನ್ ದ್ವೀಪಗಳಿಗೆ ಅದೇ ಹೆಬ್ಬಾಗಿಲು. ಅಲ್ಲಿ ಯಾಟ್ ಬಾಡಿಗೆಗೆ ಸಿಗುತ್ತೆ. ಮೂರು ದಿನಕ್ಕೆ ಒಂದು ತಗೊಂಡು ಸೂಶಿಯಾ ದ್ವೀಪಕ್ಕೆ ಹೊರಟ್ವಿ. ಆ ದ್ವೀಪ ಪೂರ್ತಿ ಸರ್ಕಾರಿ ಉದ್ಯಾನ, ದೋಣಿ ಇಲ್ಲದೆ ಅಲ್ಲಿಗೆ ಹೋಗೋಕೇ ಆಗಲ್ಲ. ಅತ್ತಿಗೆ ಬೆಳಿಗ್ಗೆ ಒಳಗಿನ ಒಲೆ ಮೇಲೆ ಅವಲಕ್ಕಿ ಒಗ್ಗರಣೆ ಮಾಡಿದ್ರು. ರಾತ್ರಿ ಲಂಗರು ಹಾಕಿ ಕೂತಿದ್ದಾಗ ಅಣ್ಣನ ಮಗಳು ನೀರಿಗೆ ಕೈ ಹಾಕಿ ಕಲಕಿದಳು. ಬೆರಳಿನ ಸುತ್ತ ನೀಲಿ ಬೆಳಕು! ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕಲಕಿದಾಗ ಹಾಗೆ ಹೊಳೆಯುತ್ವೆ. ನಾವು ನಾಲ್ಕೂ ಜನ ಹನ್ನೊಂದು ಗಂಟೆವರೆಗೂ ನೀರು ಕಲಕ್ತಾ ಕೂತಿದ್ವಿ. ಯಾಟ್ ಕೊಡೋದು ಅದನ್ನ. ಅದಕ್ಕೆ ನಾನು ಬೆಲೆ ಕಟ್ಟಲಾರೆ.

ವಾಪಸ್ ಬರುವ ದಿನದ ಕಥೆ ಬೇರೆ. ಇಂಥ ಯಾಟ್ ಆರಾಮಾಗಿ ಓಡೋದು 6 ನಾಟ್ ವೇಗದಲ್ಲಿ, ಅಂದ್ರೆ ಗಂಟೆಗೆ 11 ಕಿಲೋಮೀಟರ್. ಸೈಕಲ್ ಲೆಕ್ಕ. ರೊಸಾರಿಯೋ ಜಲಸಂಧಿಯಲ್ಲಿ ಉಬ್ಬರದ ಸೆಳೆತ ನಮಗೆ ಎದುರಾಗಿತ್ತು. ಆರರಲ್ಲಿ ಎರಡೂವರೆ ನಾಟ್ ಆ ಸೆಳೆತವೇ ತಿಂದು ಹಾಕ್ತು. ಮೂರೂವರೆ ಗಂಟೆಯ ದಾರಿಗೆ ಸುಮಾರು ಆರು ಗಂಟೆ ಬೇಕಾಯ್ತು. ತಪ್ಪು ನಮ್ಮದೇ, ಉಬ್ಬರ ಇಳಿತದ ಪಟ್ಟಿ ನೋಡಿ ಹೊರಡಬೇಕಿತ್ತು. ಅತ್ತಿಗೆ ಮೂರು ಸಲ ವಾಂತಿ ಮಾಡ್ಕೊಂಡ್ರು. ಮಗಳು ಮಾರನೆಯ ದಿನದ ಈಜು ಅಭ್ಯಾಸ ತಪ್ಪುತ್ತೆ ಅಂತ ಮುಖ ಊದಿಸಿಕೊಂಡು ಕೂತಿದ್ದಳು.

ಮುಂದಿನ ಭಾನುವಾರ ಅಣ್ಣನ ಸ್ನೇಹಿತರೊಬ್ಬರ 23 ಅಡಿ ಬೋಟ್. ಮನೆ ಹತ್ತಿರದಿಂದಲೇ ಟ್ರೇಲರ್ ಮೇಲೆ ಎಳೆದುಕೊಂಡು ಹೋಗಿ, ಅನಕೋರ್ಟಿಸ್‌ನ ಇಳಿಜಾರಿನಲ್ಲಿ ನೀರಿಗಿಳಿಸಿದ್ರು. 20 ನಾಟ್ ವೇಗ, ಒಂದು ಗಂಟೆಗೆ ಸೂಶಿಯಾ! ಮರಳಿನ ದಡದ ಹತ್ತಿರದವರೆಗೂ ಹೋಯ್ತು. ಯಾಟ್‌ನ ತಳ ಆರು ಅಡಿ ನೀರಲ್ಲಿ ಇಳಿದಿರುತ್ತೆ, ಅದು ದೂರದಲ್ಲೇ ನಿಲ್ಲಬೇಕು. ಆದ್ರೆ ಮಧ್ಯಾಹ್ನ ಗಾಳಿ ಎದ್ದಾಗ ಆ ಬೋಟ್ ಅಲೆ ಮೇಲಿಂದ ದಬ್ ದಬ್ ಅಂತ ಬೀಳ್ತಾ ಬಂತು. ನಮ್ಮೂರ ಘಾಟಿ ಗುಂಡಿಗಳೇ ವಾಸಿ. ವೇಗ 8 ನಾಟ್‌ಗೆ ಇಳಿಸಿ, ಸೊಂಟ ಹಿಡ್ಕೊಂಡು ಬಂದ್ವಿ. ಟಾಯ್ಲೆಟ್ ಅಂದ್ರೆ ಕ್ಯಾಬಿನ್ ಮೂಲೆಯಲ್ಲಿ ಒಂದು ಡಬ್ಬ. ಇದೂ ಸುಖದ ಸುಪ್ಪತ್ತಿಗೆ ಏನಲ್ಲ. ಆದ್ರೆ ಸಂಜೆ ಊಟಕ್ಕೆ ಮನೇಲಿದ್ವಿ.

ಈಗ ಲೆಕ್ಕ. ಇವು ಅಣ್ಣ ವಿಚಾರಿಸಿ ತಂದ ಅವನ ಮನೆಯ ಅಂಕಿಗಳು. ಯಾಟ್ ನೀರಲ್ಲೇ ಇರುತ್ತೆ, ಅದನ್ನ ಕಟ್ಟೋ ಜಾಗಕ್ಕೆ ದೋಣಿಯ ಉದ್ದ ನೋಡಿ ಬಾಡಿಗೆ. ತಿಂಗಳಿಗೆ 600 ಅಂದ್ರೆ ವರ್ಷಕ್ಕೆ 7,200 ಡಾಲರ್. ವಿಮೆ 1,500. ಉಪ್ಪು ನೀರಲ್ಲಿ ತಳಕ್ಕೆ ಪಾಚಿ, ಚಿಪ್ಪು ಕಚ್ಚಿಕೊಳ್ಳುತ್ವೆ. ಎರಡು ವರ್ಷಕ್ಕೊಮ್ಮೆ ಕ್ರೇನ್‌ನಲ್ಲಿ ಎತ್ತಿಸಿ ಬಣ್ಣ ಬಳಿಸಬೇಕು. ಅದು, ಹಾಯಿ, ಹಗ್ಗ, ಇಂಜಿನ್ ಎಲ್ಲಾ ಸೇರಿ ವರ್ಷಕ್ಕೆ 5,750. ಆಮೇಲೆ ಜನ ಮರೆಯೋ ಒಂದು ಸಾಲು ಇದೆ. 1,10,000 ಡಾಲರ್ ಬ್ಯಾಂಕಲ್ಲಿದ್ದಿದ್ರೆ ಶೇಕಡಾ 5ರಂತೆ 5,500 ಬರ್ತಿತ್ತು. ಅದೂ ಖರ್ಚೇ. ಒಟ್ಟು ಸುಮಾರು 20,000.

ಚಿಕ್ಕ ಬೋಟ್‌ಗೆ ನಿಲ್ಲಿಸುವ ಜಾಗ, ವಿಮೆ, ಸರ್ವೀಸು, ಕೈಬಿಟ್ಟ ಬಡ್ಡಿ ಎಲ್ಲಾ ಸೇರಿ 8,650 ಬಂತು. ಅಣ್ಣ ಬೇಜಾರಾಗಿ ನೋಡ್ದ. ನಾನು ಹೇಳ್ದೆ, "ತಾಳು, ನಿನ್ನ ಕಾರು ಇದನ್ನ ಎಳೆಯುತ್ತಾ?" ಬೋಟ್, ಟ್ರೇಲರ್, ಪೆಟ್ರೋಲ್ ಸೇರಿ ಮೂರು ಟನ್ ಹತ್ತಿರ. ಎಳೆಯಲ್ಲ! ದೊಡ್ಡ ಪಿಕಪ್ ಟ್ರಕ್ ಬೇಕು. ಅದರ ಹೆಚ್ಚುವರಿ ಖರ್ಚು ವರ್ಷಕ್ಕೆ 3,500 ಸೇರಿಸಿದೆ. ಸುಮಾರು 12,000 ಆಯ್ತು. ಚಿಕ್ಕದು ಅಂದ ತಕ್ಷಣ ಅಗ್ಗ ಅಂದ್ಕೋಬೇಡಿ, ಅದರ ಖರ್ಚು ಬೇರೆ ಕಡೆ ಬಚ್ಚಿಟ್ಟುಕೊಂಡಿರುತ್ತೆ. ಪೆಟ್ರೋಲ್ ನೋಡಿ. ಸೂಶಿಯಾಗೆ ಹೋಗಿ ಬರೋಕೆ ಚಿಕ್ಕ ಬೋಟ್ 75 ಲೀಟರ್ ಕುಡಿಯುತ್ತೆ. ಯಾಟ್ ಪೂರ್ತಿ ಇಂಜಿನ್‌ನಲ್ಲೇ ಹೋದರೂ 25 ಲೀಟರ್ ಡೀಸೆಲ್ ಸಾಕು.

ಅಲ್ಲಿಗೂ ವಾದ ಮುಗೀಲಿಲ್ಲ. "ವ್ಯತ್ಯಾಸ 8,000 ತಾನೇ, ಓವರ್‌ಟೈಮ್ ಮಾಡ್ತೀನಿ" ಅಂದ ಅಣ್ಣ. ಅಡುಗೆಮನೆಯಿಂದ ಅತ್ತಿಗೆ ಕೇಳಿದ್ರು, "ಓವರ್‌ಟೈಮ್ ಮಾಡಿದ್ರೆ ದೋಣೀಲಿ ಕೂರೋದು ಯಾವಾಗ? ವರ್ಷಕ್ಕೆ ಎಷ್ಟು ದಿನ ನಾವು ಮೂರೂ ಜನ ಒಟ್ಟಿಗೆ ಹೋಗ್ತೀವಿ, ಮೊದಲು ಅದನ್ನ ಬರೀರಿ."

ಇದು ನನಗೆ ಹೊಳೆದೇ ಇರ್ಲಿಲ್ಲ ನೋಡಿ. ಕ್ಯಾಲೆಂಡರ್ ಇಳಿಸಿದ್ವಿ. ಅಲ್ಲಿ ಒಳ್ಳೆ ಹವಾಮಾನ ಅಂದ್ರೆ ಮೇ ತಿಂಗಳಿಂದ ಸೆಪ್ಟೆಂಬರ್, ಇಪ್ಪತ್ತೆರಡು ವಾರ. ಮಗಳ ಈಜು ಸ್ಪರ್ಧೆ, ಶನಿವಾರದ ಕ್ಲಾಸು, ಅಣ್ಣನ ಆಫೀಸ್ ಡ್ಯೂಟಿ, ಊರಿಂದ ಬರೋ ನಮ್ಮಂಥ ನೆಂಟರು, ಗಾಳಿ ಮಳೆ ಎಲ್ಲಾ ಕಳೆದ್ವಿ. ಮೂರೂ ಜನ ಎರಡು ದಿನ ಪೂರ್ತಿ ಬಿಡುವಾಗಿರೋ ವಾರಾಂತ್ಯ ಏಳು. ಯಾಟ್‌ಗೆ ಹದಿನಾಲ್ಕು ದಿನ. ಚಿಕ್ಕ ಬೋಟ್‌ಗೆ ಬರೀ ಒಂದು ಭಾನುವಾರ ಸಾಕು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತಕ್ಕೆ. ಆಫೀಸ್ ಮುಗಿಸಿ ಆರು ಗಂಟೆಗೆ ಲೇಕ್ ವಾಷಿಂಗ್ಟನ್‌ನಲ್ಲಿ ಇಳಿಸಬಹುದು. ಅದಕ್ಕೆ ಇಪ್ಪತ್ತಾರು ದಿನ ಬಂತು. ಭಾಗಿಸಿ ನೋಡಿ. ಯಾಟ್ ದಿನಕ್ಕೆ 1,400 ಡಾಲರ್ ಮೇಲೆ, ಚಿಕ್ಕದು 460ರ ಆಸುಪಾಸು, ಮೇಲೆ ಪೆಟ್ರೋಲ್.

ಅಣ್ಣ ಆಗಲೂ ಬಿಡಲಿಲ್ಲ. "ರಿಟೈರ್ ಆದ್ಮೇಲೆ ಅದರಲ್ಲಿ ಅಲಾಸ್ಕಾವರೆಗೂ ಹೋಗಬಹುದು" ಅಂದ. ಸೋಫಾ ಮೇಲೆ ಫೋನ್ ನೋಡ್ತಾ ಕೂತಿದ್ದ ಮಗಳಿಗೆ ಆಗ ಹದಿನೈದು. ತಲೆ ಎತ್ತದೇ ಹೇಳಿದಳು, "ಅಪ್ಪಾ, ದೊಡ್ಡದು ನಾನು ಕಾಲೇಜಿಗೆ ಹೋದ್ಮೇಲೆ ತಗೋ. ಅಷ್ಟು ಹೊತ್ತಿಗೆ ನಾನಿರಲ್ವಲ್ಲ."

ಅಣ್ಣ ಎದ್ದು ಹೋಗಿ ಪಾತ್ರೆ ತೊಳೆಯೋಕೆ ಶುರು ಮಾಡ್ದ. ಅವನಿಗೆ ಲೆಕ್ಕ ಹತ್ತಿದ್ದು ಅಲ್ಲಿ ಅಂತ ನನಗನ್ಸುತ್ತೆ. ಮೂರು ಬೇಸಿಗೆ. ಅಷ್ಟೇ ಉಳಿದಿದ್ದು.

ಅಕ್ಟೋಬರ್‌ನಲ್ಲಿ ಚಿಕ್ಕದನ್ನ ತಗೊಂಡ. ಈ ವರ್ಷದ ಬೇಸಿಗೆ ಮುಗಿದ ಮೇಲೆ ನಾನು ಫೋನ್ ಮಾಡಿ ಕೇಳ್ದೆ. ಮೂರೂ ಜನ ಒಟ್ಟಿಗೆ ಹೋಗಿದ್ದು ಹದಿನೇಳು ದಿನ. ನಾನು ಹಾಕಿದ್ದ ಇಪ್ಪತ್ತಾರು ಸುಳ್ಳಾಯ್ತು, ದಿನದ ಖರ್ಚು 700ಕ್ಕೆ ಏರಿತು. ಒಂದು ಸಲ ಹೆದ್ದಾರಿಯಲ್ಲಿ ಟ್ರೇಲರ್ ಚಕ್ರದ ಬೇರಿಂಗ್ ಹೋಗಿ ಅರ್ಧ ದಿನ ರಸ್ತೆ ಬದಿ ನಿಂತಿದ್ದಾರೆ. ಟ್ರೇಲರ್ ಪ್ರತಿ ಸಲ ಉಪ್ಪು ನೀರಿಗೆ ಇಳಿಯುತ್ತಲ್ಲ, ಸಿಹಿ ನೀರಲ್ಲಿ ತೊಳೆದು, ಗ್ರೀಸ್ ಹಾಕಿ ನೋಡ್ಕೋಬೇಕು. ಇವನು ಮರೆತಿದ್ದ. ವರ್ಷಕ್ಕೊಂದು ವಾರ ಯಾಟ್ ಬಾಡಿಗೆಗೆ ತಗೋಳೋದು ಅಂತ ಮಾತಾಗಿತ್ತು, ಈ ವರ್ಷ ಅದು ಆಗಲಿಲ್ಲ. "ಮರೀನಾ ಹತ್ರ ಹೋದ್ರೆ ಇವತ್ತೂ ಹಾಯಿಕಂಬಗಳ ಕಡೆ ಕಣ್ಣು ಹೋಗುತ್ತೆ ಕಣೋ" ಅಂದ. ಪಶ್ಚಾತ್ತಾಪ ಇದೆಯಾ ಅಂತ ಕೇಳ್ದೆ. "ಅವಳು ಈಗ ತಾನೇ ಬೋಟ್ ಓಡಿಸ್ತಾಳೆ, ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದ. ಇದೆ ಅಂತಾನೂ ಹೇಳಲಿಲ್ಲ, ಇಲ್ಲ ಅಂತಾನೂ ಹೇಳಲಿಲ್ಲ.

ಅಣ್ಣನಿಗೆ ಬುದ್ಧಿ ಹೇಳಿದ ನಾನೇನೂ ಸಾಚಾ ಅಲ್ಲ. ಈ ಪಾಡ್‌ಕಾಸ್ಟ್ ಶುರು ಮಾಡಿದಾಗ ಬೆಂಗಳೂರಲ್ಲಿ ಒಂದು ರೂಮು ಬಾಡಿಗೆಗೆ ತಗೊಂಡು ಸ್ಟುಡಿಯೋ ಮಾಡಿದ್ದೆ. ತಿಂಗಳಿಗೆ 14,000, ಹನ್ನೊಂದು ತಿಂಗಳ ಕರಾರು. ಬಳಸಿದ್ದು ಹತ್ತೊಂಬತ್ತು ದಿನ. ದಿನಕ್ಕೆ 8,000 ರೂಪಾಯಿ ಮೇಲಾಯ್ತು. ಈಗ ನೀವು ಕೇಳ್ತಿರೋ ಧ್ವನಿ ನಮ್ಮನೆ ಬಟ್ಟೆ ಬೀರುವಿನ ಬಾಗಿಲು ತೆಗೆದಿಟ್ಟು, ಅದರ ಮುಂದೆ ಕೂತು ರೆಕಾರ್ಡ್ ಮಾಡಿದ್ದು.

ಹಾಗಾಗಿ ಊರಲ್ಲಿ ತೋಟದ ಮನೆಯೋ, ಏಳು ಸೀಟಿನ ಕಾರೋ, ಏನೇ ದೊಡ್ಡದು ತಗೊಳ್ಳೋ ಮುಂಚೆ ಬೆಲೆ ಪಟ್ಟಿ ಪಕ್ಕ ಒಂದು ಕ್ಯಾಲೆಂಡರ್ ಇಡಿ. ಯಾರ ಜೊತೆ, ಎಷ್ಟು ದಿನ ಅಂತ ಬರೀರಿ. ನಿಮ್ಮ ಮನೆಯವರನ್ನೂ ಕೂರಿಸ್ಕೊಂಡು ಬರೀರಿ, ಒಬ್ಬರೇ ಬರೆದ್ರೆ ನನ್ನ ಹಾಗೆ ಇಪ್ಪತ್ತಾರು ಬರೀತೀರಿ.